ಎಂಟು ಸ್ಲೈಡುಗಳು

ಬ್ಲೀಚ್ ತುಂಬಿದ ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆ ಒಂದು ಸ್ಲೈಡೂ ಇರಲಿಲ್ಲ. ವರ್ಲಿಂಡಾ ಡಬ್ಬಿಯನ್ನು ಕಿಟಕಿಯ ಹತ್ತಿರ ಒಯ್ದು, ಓರೆ ಮಾಡಿ ಮತ್ತೆ ನೋಡಿದಳು. ನೀರಿನಲ್ಲಿ ಗಾಜು ಕಣ್ಣಿಗೆ ಬೀಳದೆ ಹೋಗುವುದುಂಟು. ಕೈಗವಸಿನ ಬೆರಳುಗಳನ್ನು ಮುಳುಗಿಸಿ ತಳವನ್ನೆಲ್ಲ ತಡವಿದಳು. ಇಲ್ಲ. ಬೆಳಿಗ್ಗೆ ಎಂಟು ಮಕ್ಕಳು ಹಲ್ಲುಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು, ಬಂದದ್ದನ್ನು ಗಾಜಿನ ಸ್ಲೈಡಿಗೆ ಸವರಿ, ಒಂದು ತೊಟ್ಟು ನೀಲಿ ಬಣ್ಣ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ತಮ್ಮವೇ ಜೀವಕೋಶಗಳನ್ನು ನೋಡಿದ್ದರು. ‘ನಂದು ನಮ್ಮಜ್ಜಿ ಥರಾನೇ ಇದೆ, ಮುಖ ಗಂಟಿಕ್ಕಿಕೊಂಡು’ ಎಂದು ಲಾರೀನ್ ಹೇಳಿ ಎಲ್ಲರನ್ನೂ ನಗಿಸಿದ್ದಳು. ‘ನೋಡಿ ಮುಗಿದ ಮೇಲೆ ಎಲ್ಲಾನೂ ಆ ಡಬ್ಬಿಗೆ ಹಾಕಿ’ ಎಂದು ವರ್ಲಿಂಡಾ ಹೇಳಿದ್ದಳು. ಅಷ್ಟರಲ್ಲಿ ಅವಳು ವರ್ಷವಿಡೀ ಲ್ಯಾಬ್ ಕೆಲಸ ಮಾಡುವ ಕ್ಲಿನಿಕ್ಕಿನಿಂದ ಫೋನ್ ಬಂತು. ಔಷಧಿ ಇಡುವ ಫ್ರಿಜ್ಜಿನ ತಾಪಮಾನ ಏರಿದೆ, ಏನು ಮಾಡೋಣ ಎಂದು. ಹೊರಗೆ ಹೋಗಿ ಮಾತಾಡಿ ಬಂದಿದ್ದಳು. ಹತ್ತು ನಿಮಿಷ, ಹೆಚ್ಚೆಂದರೆ ಹನ್ನೆರಡು. ಬರುವಷ್ಟರಲ್ಲಿ ಮಕ್ಕಳು ಊಟಕ್ಕೆ ಹೋಗಿದ್ದರು. ಈಗ ನೋಡಿದರೆ ಸ್ಲೈಡೂ ಇಲ್ಲ, ಹಲ್ಲುಕಡ್ಡಿಯೂ ಇಲ್ಲ. ಸ್ಲೈಡನ್ನು ಮಾತ್ರ ಒಯ್ದಿದ್ದರೆ ಮಕ್ಕಳಾಟ ಎನ್ನಬಹುದಿತ್ತು. ಕಡ್ಡಿಯನ್ನೂ ಬಿಡದವರಿಗೆ ತಾವು ಏನನ್ನು ಒಯ್ಯುತ್ತಿದ್ದೇವೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಮೇ ತಿಂಗಳಲ್ಲಿ ತಮ್ಮ ಬುಡಕಟ್ಟಿನ ಊರಿನ ಸಭಾಮನೆಯಲ್ಲಿ ಅವಳೇ ಎದ್ದು ನಿಂತು ಮಾತು ಕೊಟ್ಟಿದ್ದಳು. ಬೇಸಿಗೆಯಲ್ಲಿ ನಾಲ್ಕು ವಾರ, ಏಳನೆಯ ಎಂಟನೆಯ ತರಗತಿಯ ಎಂಟು ಮಕ್ಕಳು, ನಮ್ಮದೇ ಕಾಲೇಜಿನ ಪ್ರಯೋಗಶಾಲೆ. ನಾಳೆ ನಮ್ಮ ಮಕ್ಕಳೇ ಡಾಕ್ಟರಾಗಬೇಕು, ರಕ್ತ ನೋಡುವವರಾಗಬೇಕು, ರೋಗ ಹುಡುಕುವವರಾಗಬೇಕು. ದಾರಿ ತೋರಿಸಲು ನಾನಿರುತ್ತೇನೆ. ನಗರದ ವಿಶ್ವವಿದ್ಯಾಲಯದಿಂದ ಡಾಕ್ಟರ್ ಹ್ಯಾಲ್ವರ್ಸನ್ ಬರುತ್ತಾರೆ. ಹಿಂದಿನ ಸಾಲಿನಿಂದ ಒಬ್ಬ ಮುದುಕ ಹ್ಯಾಟು ತೆಗೆಯದೆ ಕೇಳಿದ್ದ, ‘ಹೋಗೋವಾಗ ಇವರು ಏನು ತಗೊಂಡು ಹೋಗ್ತಾರೆ?’ ಪಕ್ಕದಲ್ಲಿ ಕೂತಿದ್ದ ಹ್ಯಾಲ್ವರ್ಸನ್ ಇಂಗ್ಲಿಷಿನಲ್ಲಿ, ‘ಏನೂ ಇಲ್ಲ, ಹಿರಿಯರೇ’ ಎಂದಿದ್ದ. ಅದನ್ನು ಅವಳು ನಮ್ಮ ಮಾತಿಗೆ ತಿರುಗಿಸಿದ್ದಳು, ‘ಏನೂ ಇಲ್ವಂತೆ.’ ಹಾಗೆ ತಿರುಗಿಸುವಾಗ ಕೊನೆಯಲ್ಲಿ ಸೇರಿಕೊಂಡ ಆ ‘ಅಂತೆ’ ಬೇಕೆಂದೇ ಸೇರಿದ್ದೋ, ನಾಲಿಗೆಯ ರೂಢಿಯೋ ಅವಳಿಗೇ ತಿಳಿಯಲಿಲ್ಲ. ಮುದುಕ ನಕ್ಕಿದ್ದ. ಆಗ ಅವಳು ಸ್ವಲ್ಪ ಗಟ್ಟಿಯಾಗಿ, ‘ಕೆನ್ನೆ ಒಳಗಿಂದ ಚೂರು ತೆಗೆದು ನೋಡೋದು, ಅಷ್ಟೇ. ಸಂಜೆಯೊಳಗೆ ಎಲ್ಲಾನೂ ನನ್ನ ಕಣ್ಣೆದುರಿಗೇ ನಾಶ ಮಾಡಿಸ್ತೀನಿ’ ಎಂದಿದ್ದಳು. ಅಷ್ಟರ ಮೇಲೆ ಎಂಟು ಮನೆಯವರು ಸಹಿ ಹಾಕಿದ್ದರು.

ಹ್ಯಾಲ್ವರ್ಸನ್‌ನೇ ಇರಬೇಕು. ಆ ಹೆಸರು ಬಂದದ್ದೇ ತಡ, ಮೂರು ವಾರಗಳಿಂದ ಅವಳು ನೋಡಿಯೂ ನೋಡದಂತೆ ಬಿಟ್ಟದ್ದೆಲ್ಲ ಒಂದರ ಹಿಂದೆ ಒಂದು ಸಾಲಾಗಿ ಬಂದು ನಿಂತಿತು. ಅವನು ಎಲ್ಲದಕ್ಕೂ ಥ್ಯಾಂಕ್ಸ್ ಹೇಳುತ್ತಾನೆ, ಅಗತ್ಯಕ್ಕಿಂತ ಒಂದು ಸಲ ಹೆಚ್ಚೇ. ಬೆಳಿಗ್ಗೆ ಬಂದವನೇ ನಮ್ಮ ಮಾತಿನಲ್ಲಿ ನಮಸ್ಕಾರ ಹೇಳಲು ಹೋಗಿ ಉಸಿರು ಸಿಕ್ಕಿಕೊಂಡವನಂತೆ ಕೆಮ್ಮುತ್ತಾನೆ. ಮಕ್ಕಳು ನಕ್ಕರೆ ಅವನೂ ನಗುತ್ತಾನೆ. ಇಷ್ಟು ಸುಲಭವಾಗಿ ನಗೆಗೀಡಾಗುವವನನ್ನು ನಂಬುವುದು ಹೇಗೆ? ಚಿಕ್ಕ ಅಕ್ಷರಗಳಲ್ಲಿ ಸದಾ ಏನೋ ಬರೆದುಕೊಳ್ಳುತ್ತಿರುತ್ತಾನೆ. ನಿಮ್ಮಜ್ಜಿ ಎಲ್ಲಿರ್ತಾರೆ, ಮನೇಲಿ ಎಷ್ಟು ಜನ ಎಂದು ಮಕ್ಕಳನ್ನು ಕೇಳುತ್ತಾನೆ. ಸುಮ್ಮನೆ ಮಾತಿಗೆಂದು ಕೇಳುವವರು ಉತ್ತರಕ್ಕೆ ಕಾಯುವುದಿಲ್ಲ, ಇವನು ಕಾಯುತ್ತಾನೆ. ಇವತ್ತು ಶುಕ್ರವಾರ, ನಾಲ್ಕು ಗಂಟೆಗೆ ಅವನು ಕಾರು ಹತ್ತಿ ನಗರಕ್ಕೆ ಹೋಗುತ್ತಾನೆ. ಮತ್ತು ಊಟದ ಹೊತ್ತಿನಲ್ಲಿ ಅವಳು ಫೋನ್ ಹಿಡಿದು ಕಟ್ಟಡದ ನೆರಳಿನಲ್ಲಿ ಅಡ್ಡಾಡುತ್ತಿದ್ದಾಗ ಅವನು ನೀಲಿ ಬಣ್ಣದ ಐಸ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ಎತ್ತಿಕೊಂಡ ಹಾಗೆ ಜೋಪಾನವಾಗಿ, ಕಾರಿನ ಹಿಂಭಾಗದಲ್ಲಿ ಇಟ್ಟಿದ್ದ. ಅದನ್ನು ಅವಳ ಕಣ್ಣು ಕಂಡಿತ್ತು. ಕಿವಿ ಮಾತ್ರ ಫ್ರಿಜ್ಜಿನ ಕಥೆ ಕೇಳುತ್ತಿತ್ತು.

ಮಕ್ಕಳು ಒಳಗೆ ತಮ್ಮ ನೋಟ್‌ಬುಕ್ಕಿನಲ್ಲಿ ಜೀವಕೋಶದ ಚಿತ್ರ ಬರೆಯುತ್ತಿದ್ದರು. ಹ್ಯಾಲ್ವರ್ಸನ್ ಬೆಂಚಿನಿಂದ ಬೆಂಚಿಗೆ ಬಾಗುತ್ತ ಓಡಾಡುತ್ತಿದ್ದ. ‘ಈಗ ಬಂದೆ’ ಎಂದು ಯಾರಿಗೆಂದಿಲ್ಲದೆ ಹೇಳಿ ಅವಳು ಹೊರಗೆ ಬಂದಳು. ಬಿಸಿಲಿಗೆ ಕೆಂಪು ಬಂಡೆಗಳ ಅಂಚು ಕರಗಿದಂತೆ ಕಾಣುತ್ತಿತ್ತು. ಕಾರಿನ ಹಿಂಬಾಗಿಲಿಗೆ ಬೀಗ ಇರಲಿಲ್ಲ. ಬೀಗ ಹಾಕದಿರುವುದೂ ಒಂದು ಜಾಣತನವಿರಬಹುದು. ಪೆಟ್ಟಿಗೆಯ ಕೊಂಡಿಗೆ ಕೈ ಹಾಕಿದಾಗ ಇಂಥದೇ ಪೆಟ್ಟಿಗೆ, ಬಿಳಿಯದು, ನೆನಪಿನಲ್ಲಿ ಅವಳ ಕಾಲಬಳಿ ಅಲುಗಾಡಿತು. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಬೇರೊಂದು ವಿಶ್ವವಿದ್ಯಾಲಯದವರ ವ್ಯಾನು, ಪಕ್ಕದಲ್ಲಿ ಗಳಿಗೆಗೊಮ್ಮೆ ಗಡಿಯಾರ ನೋಡುವ ನರ್ಸು, ಇಪ್ಪತ್ತೆರಡು ವರ್ಷದ ಹಿಂದಿನ ಇದೇ ಧೂಳು. ಅವಳೂ ಆಗ ಬೇಸಿಗೆಯ ಶಿಷ್ಯೆಯೇ. ಸೂಜಿ ಹಿಡಿಯುವ ಕೆಲಸವಲ್ಲ, ಮಾತು ದಾಟಿಸುವ ಕೆಲಸ. ಮನೆಯಿಂದ ಮನೆಗೆ ಹೋಗಿ ನಾಲ್ಕು ಹಾಳೆಯ ಒಪ್ಪಿಗೆ ಪತ್ರ ತೋರಿಸಿ, ಸಕ್ಕರೆ ಕಾಯಿಲೆ ಯಾಕೆ ಬರುತ್ತೆ ಅಂತ ನೋಡ್ತಾರೆ ಎಂದು ಹಿರಿಯರಿಗೆ ತಿಳಿಸಬೇಕು, ಹೆಬ್ಬೆಟ್ಟು ಒತ್ತಿಸಬೇಕು. ಅರವತ್ತಮೂರು ಮನೆ. ಕೊನೆಗೆ ಅವಳಿಗೊಂದು ಪ್ರಶಸ್ತಿ ಪತ್ರ ಕೊಟ್ಟರು, ಭಾಷೆಯ ಸೇತುವೆ ಎಂದು ಅದರಲ್ಲಿ ಬರೆದಿತ್ತು. ಅವಳ ತಾಯಿ ಅದಕ್ಕೆ ಚೌಕಟ್ಟು ಹಾಕಿಸಿದಳು. ಐದು ವರ್ಷದ ಮೇಲೆ, ಲ್ಯಾಬ್ ಪರೀಕ್ಷೆಗೆ ಓದಲು ಲೈಬ್ರರಿಯಲ್ಲಿ ಕೂತಿದ್ದಾಗ, ಒಂದು ಸಂಶೋಧನಾ ಪತ್ರಿಕೆಯಲ್ಲಿ ಆ ರಕ್ತದ ಸುದ್ದಿ ಸಿಕ್ಕಿತು. ಸಕ್ಕರೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಈ ಜನ ಮೂಲದಲ್ಲಿ ಎಲ್ಲಿಂದ ನಡೆದು ಬಂದವರು ಎಂದು ಲೆಕ್ಕ ಹಾಕಿದ್ದರು. ನಾವು ಎಲ್ಲಿಂದ ಬಂದೆವೆಂದು ನಮಗೆ ಗೊತ್ತಿದೆ, ಚಳಿಗಾಲದಲ್ಲಿ ಅಜ್ಜಂದಿರು ಹೇಳುತ್ತಾರೆ, ಯಾರೂ ಕೇಳಿರಲಿಲ್ಲ. ಪತ್ರಿಕೆಯನ್ನು ಮಡಿಸಿ, ಎಲ್ಲಿತ್ತೋ ಅದೇ ಜಾಗದಲ್ಲಿ, ಹಿಂದೆಮುಂದಾಗದ ಹಾಗೆ ಇಟ್ಟು ಬಂದಿದ್ದಳು. ಅದನ್ನು ಯಾರಿಗೂ ಹೇಳಲಿಲ್ಲ. ಆಮೇಲೆ ಬುಡಕಟ್ಟಿನ ಸಭೆ ಇಂಥ ಸಂಶೋಧನೆಗೇ ತಡೆ ಹಾಕಿದಾಗ ಎಲ್ಲರ ಜೊತೆ ಅವಳೂ ತಲೆಯಾಡಿಸಿದಳು.

ಕೊಂಡಿ ಬಿಚ್ಚಿಕೊಂಡಿತು. ಐಸು, ಬೇಯಿಸಿದ ಎರಡು ಮೊಟ್ಟೆ, ಅರ್ಧ ತಿಂದು ಸುತ್ತಿಟ್ಟ ಬ್ರೆಡ್ಡು. ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಏನೋ ಉದ್ದನೆಯದು. ಚೀಲವನ್ನು ಬೆಳಕಿಗೆ ಹಿಡಿದಳು.

‘ಏನಾದ್ರೂ ಬೇಕಿತ್ತಾ, ವರ್ಲಿಂಡಾ?’

ಹಿಂದೆ ಹ್ಯಾಲ್ವರ್ಸನ್ ನಿಂತಿದ್ದ. ಬಿಸಿಲಿಗೆ ಕೆಂಪಾದ ಅವನ ಕತ್ತು ಈಗ ಇನ್ನಷ್ಟು ಕೆಂಪಾಗಿತ್ತು.

‘ಐಸ್’ ಎಂದಳು. ‘ಲಾರೀನ್ ಮೊಣಕೈ ತಾಗಿಸ್ಕೊಂಡಿದಾಳೆ.’

‘ಅಯ್ಯೋ, ಹೌದಾ? ತಗೊಳ್ಳಿ, ತಗೊಳ್ಳಿ.’ ಅವನು ಅವಳ ಕೈಯಿಂದ ಚೀಲವನ್ನು ಮೆಲ್ಲಗೆ ಬಿಡಿಸಿಕೊಂಡ. ‘ಇದೊಂದು ಬಿಟ್ಟು ಏನು ಬೇಕಾದ್ರೂ ತಗೊಳ್ಳಿ. ಇನ್ಸುಲಿನ್. ಇದು ಕೆಟ್ಟರೆ ಊರು ಸೇರೋದ್ರೊಳಗೆ ನನ್ನ ಕಥೆ ಮುಗೀತು.’ ಅಂದವನೇ ತನ್ನ ಕರವಸ್ತ್ರದಲ್ಲಿ ಐಸು ಕಟ್ಟಿ ಅವಳ ಕೈಗೆ ಕೊಟ್ಟ.

ಕೊಟ್ಟದ್ದನ್ನು ಹಿಡಿದು ಒಳಗೆ ಹೋಗದೆ ಬೇರೆ ದಾರಿ ಇರಲಿಲ್ಲ. ಇಪ್ಪತ್ತು ಹೆಜ್ಜೆಯ ದಾರಿಯಲ್ಲಿ ಕರವಸ್ತ್ರದಿಂದ ನೀರು ತೊಟ್ಟಿಕ್ಕಿ ಅವಳ ಮೊಣಕೈವರೆಗೆ ಹರಿಯಿತು. ಅವನು ಹಿಂದೆಯೇ ಬರುತ್ತಿದ್ದ. ಸುಳ್ಳಿಗೆ ಇಷ್ಟು ತೂಕವಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ನೇರ ಲಾರೀನಳ ಹತ್ತಿರ ಹೋಗಿ ಆ ಗಂಟನ್ನು ಅವಳ ಮೊಣಕೈಗೆ ಒತ್ತಿದಳು.

‘ಅಯ್ಯಯ್ಯೋ! ಏನ್ ಚಿಕ್ಕಮ್ಮ ಇದು?’

‘ಸುಮ್ನೆ ಹಿಡ್ಕೋ.’

‘ನಂಗೇನೂ ಆಗಿಲ್ವಲ್ಲ! ಬಿಸಿಲು ಚಿಕ್ಕಮ್ಮನ ತಲೆಗೆ ಏರಿದೆ ಕಣ್ರೋ, ಐಸ್ ಅಲ್ಲಿಗಿಡಿ!’

ಇಡೀ ಕೋಣೆ ನಕ್ಕಿತು. ಡೆಸ್ಬಾ ಒಬ್ಬಳು ನಗಲಿಲ್ಲ. ಡೆಸ್ಬಾ ಅಟಾಕಾಯ್, ಹದಿಮೂರು ವರ್ಷದವಳು, ಕಿಟಕಿಯ ಪಕ್ಕದ ಬೆಂಚು. ಮುತ್ತಜ್ಜಿಯ ಕಾಲದ ಹೆಸರು, ಮುತ್ತಜ್ಜಿಯ ಕಾಲದ ಮೌನ. ಕಹಿನೀರಿನ ಕುಲ, ವರ್ಲಿಂಡಾಳದೂ ಅದೇ. ಆ ಲೆಕ್ಕದಲ್ಲಿ ಚಿಕ್ಕಮ್ಮ ಎನ್ನುವ ಹಕ್ಕು ಈ ಎಂಟು ಮಕ್ಕಳಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಅವಳಿಗಿತ್ತು. ಅವಳು ಮಾತ್ರ ಮೊದಲ ದಿನದಿಂದ ‘ಮಿಸ್’ ಎನ್ನುತ್ತಿದ್ದಳು. ಬೆಳಿಗ್ಗೆ ಮೈಕ್ರೋಸ್ಕೋಪಿನ ಮುಂದೆ ಉಳಿದವರು ಒಂದು ನಿಮಿಷ ನಿಂತರೆ ಅವಳು ಹತ್ತು ನಿಮಿಷ ನಿಂತಿದ್ದಳು, ಯಾರದೋ ಮನೆಯ ಬಾಗಿಲ ಸಂದಿಯಿಂದ ಇಣುಕುವವಳ ಹಾಗೆ.

ಹ್ಯಾಲ್ವರ್ಸನ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮುಖದಲ್ಲಿ ಕೋಪ ಕಾಣಿಸಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ‘ಒಂದು ನಿಮಿಷ ಬನ್ನಿ’ ಎಂದು ಸಾಮಾನಿನ ಕೋಣೆಗೆ ಕರೆದು ಬಾಗಿಲು ಮುಚ್ಚಿದ. ಮತ್ತೆ ಏನನ್ನೋ ನೆನೆಸಿಕೊಂಡು ಬಾಗಿಲನ್ನು ಅರ್ಧ ತೆರೆದ.

‘ನೀವು ಹುಡುಕಿದ್ದು ಐಸ್ ಅಲ್ಲ.’

ಅವಳು ಒದ್ದೆಯಾದ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

‘ಊಟಕ್ಕೆ ಹೋಗೋ ಮುಂಚೆ ನಾನೂ ಡಬ್ಬಿ ತೆಗೆದು ನೋಡ್ದೆ. ಖಾಲಿ ಇತ್ತು. ನೀವು ತಗೊಂಡು ಹೋಗಿದೀರಿ ಅಂದ್ಕೊಂಡೆ. ಕೇಳೋಕೆ ಹೆದರಿಕೆ ಆಯ್ತು.’

‘ನಾನಾ? ನಾನ್ಯಾಕೆ ತಗೊಂಡು ಹೋಗ್ಲಿ?’

‘ಗೊತ್ತಿಲ್ಲ. ನಾನ್ಯಾಕೆ ತಗೊಂಡು ಹೋಗ್ಲಿ?’

ಕಪಾಟಿನ ಮೇಲಿನ ಗಾಜಿನ ಸಾಮಾನುಗಳು ಯಾರೋ ನಡೆದಾಡಿದ್ದಕ್ಕೆ ಸಣ್ಣಗೆ ಕಿಣಿಗುಟ್ಟಿದವು. ಅವನು ಹಣೆ ಒರೆಸಿಕೊಳ್ಳಲು ಕರವಸ್ತ್ರಕ್ಕಾಗಿ ಜೇಬು ತಡಕಿ, ಅದು ಲಾರೀನಳ ಹತ್ತಿರ ಇರುವುದು ನೆನಪಾಗಿ ಅಂಗೈಯಲ್ಲೇ ಒರೆಸಿಕೊಂಡ. ‘ಸೋಮವಾರದೊಳಗೆ ಸಿಗದಿದ್ರೆ ಬುಡಕಟ್ಟಿನ ಪರಿಶೀಲನಾ ಮಂಡಳಿಗೆ ನಾನು ಬರೀಲೇಬೇಕು. ಬರೆದ್ರೆ ಈ ಶಿಬಿರ ನಿಂತು ಹೋಗುತ್ತೆ. ಮುಂದಿನ ವರ್ಷವೂ ಇರಲ್ಲ. ಬರೀದೆ ಇದ್ರೆ...’ ಎಂದವನು ಮಾತು ನಿಲ್ಲಿಸಿದ. ಇದೂ ಒಂದು ಆಟವೇ ಇರಬಹುದು, ತಾನೇ ತೆಗೆದು ತಾನೇ ದೂರು ಕೊಡುವುದು. ಅವಳ ಮನಸ್ಸು ಅಷ್ಟು ದೂರ ಓಡಿ, ಅಲ್ಲಿ ನಿಲ್ಲಲು ಜಾಗ ಸಿಗದೆ, ನಾಚಿ ಹಿಂದಕ್ಕೆ ಬಂತು. ಬರುವಾಗ ಬರಿಗೈಲಿ ಬರಲಿಲ್ಲ. ಇವನು ಬರೆಯುವ ಕಾಗದದಲ್ಲಿ ನನ್ನ ಹೆಸರಿರುತ್ತದಲ್ಲ, ಆ ಹೆಸರಿನ ಎಳೆ ಹಿಡಿದು ಯಾರಾದರೂ ಹಳೆಯದನ್ನು ಕೆದಕಿದರೆ ಎಂಬ ಯೋಚನೆಯನ್ನು ಜೊತೆಗೆ ತಂದಿತು. ಸ್ಲೈಡು ಹೋಯಿತೆಂಬ ಹೆದರಿಕೆಯ ಅಡಿಯಲ್ಲಿ ಇದ್ದದ್ದು ಇದೇ ಹೆದರಿಕೆ ಎಂದು ಕಂಡಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ನಾಲ್ಕು ಗಂಟೆಗೆ ಹ್ಯಾಲ್ವರ್ಸನ್ ಕಾರು ಹತ್ತಿದ. ಮಕ್ಕಳನ್ನು ಕರೆದೊಯ್ಯಲು ಒಬ್ಬೊಬ್ಬರ ಮನೆಯವರು ಬಂದರು. ಲಾರೀನ್ ಹೋಗುವಾಗ ಕರವಸ್ತ್ರವನ್ನು ಹಿಂಡಿ, ‘ಗಾಯ ವಾಸಿ ಆಯ್ತು ಚಿಕ್ಕಮ್ಮ’ ಎಂದು ಕಣ್ಣು ಮಿಟುಕಿಸಿ ಕೈಯಲ್ಲಿಟ್ಟಳು. ಡೆಸ್ಬಾಳ ಮನೆ ವರ್ಲಿಂಡಾಳ ದಾರಿಯಲ್ಲೇ ಇದ್ದುದರಿಂದ ದಿನವೂ ಅವಳ ಪಿಕಪ್ಪಿನಲ್ಲೇ ಹೋಗುವುದು ರೂಢಿ. ಡಾಂಬರು ಮುಗಿದು ಮಣ್ಣುದಾರಿ ಶುರುವಾದ ಮೇಲೆ ಗಾಡಿಯ ಎಲುಬೆಲ್ಲ ನಡುಗತೊಡಗಿತು. ಉಳಿದ ದಿನ ಹುಡುಗಿ ತನ್ನ ಚೀಲವನ್ನು ಕಾಲಬಳಿ ಎಸೆದು ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದಳು. ಇವತ್ತು ಅದನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದಳು. ಒಂದು ಹಳ್ಳಕ್ಕೆ ಚಕ್ರ ಇಳಿದಾಗ ಚೀಲದೊಳಗಿಂದ ಸಣ್ಣದೊಂದು ಸದ್ದು ಬಂತು. ಗಾಜಿಗೆ ಗಾಜು ತಾಗಿದ ಸದ್ದು. ಹದಿನೇಳು ವರ್ಷದಿಂದ ದಿನವಿಡೀ ಆ ಸದ್ದಿನ ಮಧ್ಯೆಯೇ ಬದುಕಿದವಳಿಗೆ ಅದು ತಪ್ಪಿಹೋಗುವ ಹಾಗಿರಲಿಲ್ಲ.

ಅವಳು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದಳು. ಧೂಳು ಹಿಂದಿನಿಂದ ಬಂದು, ಗಾಡಿಯನ್ನು ದಾಟಿ ಮುಂದೆ ಹೋಯಿತು.

‘ಕೇಳಿ ಮಿಸ್’ ಎಂದಳು ಹುಡುಗಿ, ಮುಂದಕ್ಕೇ ನೋಡುತ್ತ. ‘ಕೇಳ್ಬೇಕು ಅಂತಿದೀರಲ್ಲ, ಕೇಳಿ. ನಾನೇ ತಗೊಂಡಿದ್ದು.’

‘ಎಂಟೂನಾ?’

‘ಎಂಟೂ. ಕಡ್ಡೀನೂ.’

ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿದಂತಾಗಿ ವರ್ಲಿಂಡಾಗೆ ನಗು ಬಂತು. ಸಿಕ್ಕಿತಲ್ಲ. ಮಕ್ಕಳಾಟವೇ ಆಯಿತಲ್ಲ. ‘ಮೊದ್ಲೇ ಹೇಳಬಾರದಿತ್ತಾ ಪುಟ್ಟಾ. ಆ ಮನುಷ್ಯ ತಗೊಂಡು ಹೋಗ್ತಾನೆ ಅಂತ ಹೆದರಿದ್ಯಾ? ನಾನೂ ಹಾಗೇ ಅಂದ್ಕೊಂಡು ಅವನ ಪೆಟ್ಟಿಗೆಗೆ ಕೈ ಹಾಕಿ ಮಾನ ಕಳ್ಕೊಂಡೆ.’

‘ಅವರಿಗೆ ಹೆದರಿ ಅಲ್ಲ.’

‘ಮತ್ತೆ?’

ಹುಡುಗಿ ತುಟಿ ಒಳಕ್ಕೆಳೆದುಕೊಂಡಳು. ಅವಳು ಅಳುತ್ತಿರಲಿಲ್ಲ. ಸರಿಯಾದ ಮಾತನ್ನು ಹುಡುಕುತ್ತಿದ್ದಳು. ‘ಅಜ್ಜಿ ಹೇಳಿದ್ರು, ಬಿಳಿಯವನು ನಗರದಿಂದ ಬರ್ತಾನೆ, ಬಂದಿದ್ದು ಎಲ್ರಿಗೂ ಕಾಣ್ಸುತ್ತೆ, ಎಲ್ರೂ ಅವನ ಕೈ ನೋಡ್ತಾನೇ ಇರ್ತಾರೆ ಅಂತ. ನಮ್ಮ ಮಾತಲ್ಲಿ ಸಿಹಿಯಾಗಿ ಮಾತಾಡೋಳ ಕೈ ಯಾರೂ ನೋಡಲ್ಲ, ನೀನು ಅವಳ ಕೈ ನೋಡ್ಕೋ ಅಂತ.’

ವರ್ಲಿಂಡಾ ಸ್ಟೀರಿಂಗಿನ ಮೇಲಿದ್ದ ತನ್ನ ಕೈಗಳನ್ನು ನೋಡಿದಳು. ತಕ್ಷಣ ಅವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಧ್ಯಾಹ್ನದಿಂದ ಅವಳು ಆ ಕಡೆ ಈ ಕಡೆ ಕಣ್ಣು ಹಾಯಿಸುತ್ತ ಕಳ್ಳನನ್ನು ಹುಡುಕುತ್ತಿದ್ದಾಗ, ಕಿಟಕಿಯ ಪಕ್ಕದಲ್ಲಿ ಕೂತು ಒಂದು ಮಗು ಮೂರು ವಾರಗಳಿಂದ ಅವಳನ್ನೇ ಗಮನಿಸುತ್ತಿತ್ತು. ಗಾಡಿ ತಿರುಗಿಸಿ ಹೋಗಿಬಿಡಬಹುದು, ಹುಡುಗಿಯನ್ನು ಇಲ್ಲೇ ಇಳಿಸಿದರೂ ಮನೆ ಕಾಣಿಸುತ್ತದೆ. ಸ್ಲೈಡುಗಳನ್ನು ಇಸಿದುಕೊಂಡು ಬ್ಲೀಚಿಗೆ ಹಾಕಿದರೆ ಸೋಮವಾರಕ್ಕೆ ಎಲ್ಲ ಸರಿಹೋಗುತ್ತದೆ. ಮಗು ಕೊಡುತ್ತದೆ, ಗದರಿಸಿದರೆ ಕೊಡುತ್ತದೆ. ಈ ಯೋಚನೆ ಎಷ್ಟು ಸಲೀಸಾಗಿ, ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ ಅವಳಿಗೇ ಭಯವಾಯಿತು. ಗಾಡಿ ಶುರು ಮಾಡಿದಳು. ಮನೆಯ ಕಡೆಗೇ ಬಿಟ್ಟಳು.

ಅಜ್ಜಿ ಥೊಮಸೀಟಾ ಕೊಂಬೆಗಳನ್ನು ಹೊದಿಸಿದ ಚಪ್ಪರದ ಕೆಳಗೆ ಕೂತು ಉಣ್ಣೆ ಹಿಂಜುತ್ತಿದ್ದಳು. ಗಾಡಿಯ ಸದ್ದಿಗೆ ತಲೆಯೆತ್ತಲಿಲ್ಲ. ನಾಯಿ ಬಂದು ಚಕ್ರ ಮೂಸಿ, ಇವರೇ ಎಂದು ಗೊತ್ತಾಗಿ ಮತ್ತೆ ಮಲಗಿತು. ಡೆಸ್ಬಾ ಚೀಲ ಬಿಚ್ಚಿ ಒಂದು ಪೊಟ್ಟಣ ತೆಗೆದು ಅಜ್ಜಿಯ ಮುಂದಿಟ್ಟಳು. ಎಂಟು ಸ್ಲೈಡುಗಳು, ಒಂದೊಂದನ್ನೂ ಕಡ್ಡಿಯ ಸಮೇತ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಮೇಲೆ ಹೆಸರು, ತಾರೀಖು, ಗಂಟೆ. ವರ್ಲಿಂಡಾ ಮೊದಲ ವಾರ ಕಲಿಸಿದ್ದ ಕ್ರಮದಲ್ಲೇ. ಒಂದೂ ತಪ್ಪಿರಲಿಲ್ಲ.

ಅಜ್ಜಿ ತುಟಿ ಚಾಚಿ ಎದುರಿನ ಮಣೆಯನ್ನು ತೋರಿಸಿದಳು. ‘ಕೂತ್ಕೋ. ನಿಂತಿರೋರ ಹತ್ರ ನಾನು ಮಾತಾಡಲ್ಲ. ಅವತ್ತೂ ನೀನು ನಿಂತೇ ಇದ್ದೆ.’

‘ಅವತ್ತು... ನೀವೂ ಇದ್ರಾ ಅಮ್ಮಾ?’

‘ನಮ್ಮಕ್ಕನ ಮನೇಲಿ, ಒಳಗೆ ರೊಟ್ಟಿ ಬೇಯಿಸ್ತಿದ್ದೆ. ಕಿವಿ ಹೊರಗಿತ್ತು.’ ಉಣ್ಣೆಯ ಒಂದು ಎಳೆಯನ್ನು ಎಳೆದು ನೋಡಿದಳು. ‘ಅಕ್ಕ ಕೇಳಿದ್ಲು, ಯಾಕೆ ಮಗಳೇ ನನ್ನ ರಕ್ತ ಅಂತ. ಸಕ್ಕರೆ ನೋಡೋಕೆ, ಅಷ್ಟೇ ಅಂದೆ ನೀನು. ಆ ಕಾಗದ ನಾಲ್ಕು ಹಾಳೆ ಇತ್ತು. ನಾನು ಒಳಗಿಂದ ಎಣಿಸಿದೆ, ಹಾಳೆ ತಿರುಗಿಸೋ ಸದ್ದು. ನಾಲ್ಕು ಹಾಳೆ ಮಾತು ಒಂದು ಉಸಿರಲ್ಲಿ ಹೆಂಗೆ ಮುಗೀತು ಅಂತ ಆವತ್ತಿಂದ ಯೋಚನೆ ಮಾಡ್ತಾ ಇದೀನಿ. ಮೊನ್ನೆ ಸಭಾಮನೇಲಿ ಎದ್ದು ನಿಂತು ಮತ್ತೆ ಅಷ್ಟೇ ಅನ್ನೋ ಅದೇ ಮಾತು ಅಂದೆಯಲ್ಲ, ಆಗ ಗುರುತು ಸಿಕ್ತು. ಮುಖ ಮರೆತಿದ್ದೆ. ಆ ಮಾತು ಮರೆತಿರಲಿಲ್ಲ.’

‘ಮತ್ತೆ ಮಗೂನ ಯಾಕೆ ಕಳಿಸಿದ್ರಿ?’

‘ಇವಳು ಹೋಗ್ತೀನಿ ಅಂದ್ಲು. ಕಲಿಯೋ ಆಸೆಗೆ ಅಡ್ಡ ಬರೋದು ಪಾಪ. ಅದಕ್ಕೇ ಕಣ್ಣು ತೆರೆದು ಹೋಗು ಅಂದೆ.’

ಡೆಸ್ಬಾ ಚಪ್ಪರದ ಕಂಬಕ್ಕೆ ಒರಗಿ ಇಬ್ಬರನ್ನೂ ನೋಡುತ್ತಿದ್ದಳು. ಬೆಳಿಗ್ಗೆ ಮೈಕ್ರೋಸ್ಕೋಪಿನೊಳಗೆ ನೋಡಿದ್ದಳಲ್ಲ, ಅದೇ ನೋಟ. ಏನಾದರೂ ಹೇಳಿ ಎದ್ದುಹೋಗುವ ದಾರಿಗಳು ವರ್ಲಿಂಡಾಗೆ ಹಲವು ಗೊತ್ತಿದ್ದವು. ಆಗ ನಾನು ಚಿಕ್ಕವಳು. ನರ್ಸು ಅವಸರ ಮಾಡಿದಳು. ನನಗೂ ಅವರು ಹೇಳಿರಲಿಲ್ಲ. ಮೂರರಲ್ಲಿ ಎರಡು ನಿಜವೂ ಹೌದು. ‘ಇನ್ನೊಂದು ವಾಕ್ಯ ಇತ್ತು’ ಎಂದಳು. ‘ಮೂರನೇ ಹಾಳೇಲಿ. ಅದನ್ನ ನಮ್ಮ ಮಾತಲ್ಲಿ ಹೇಗೆ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಮೊದಲನೇ ಮನೇಲಿ ಬಿಟ್ಟೆ. ಯಾರೂ ಕೇಳ್ಲಿಲ್ಲ. ಆಮೇಲೆ ಎಲ್ಲಾ ಮನೇಲೂ ಬಿಟ್ಟೆ.’

‘ಈಗ ಹೇಳು.’

ಹೇಳಿದಳು. ‘ಉಳಿದ ರಕ್ತಾನ ಐಸಲ್ಲಿ ಇಟ್ಕೊಂಡಿರ್ತಾರೆ. ಎಷ್ಟು ವರ್ಷ ಅಂತ ಹೇಳಲ್ಲ. ನಮಗೆ ಗೊತ್ತಿಲ್ಲದೋರು, ನಮಗೆ ಗೊತ್ತಿಲ್ಲದ್ದನ್ನ ಹುಡುಕೋಕೆ ಅದನ್ನ ತೆಗೆದು ನೋಡಬಹುದು. ನಮ್ಮನ್ನ ಮತ್ತೆ ಕೇಳಲ್ಲ.’ ನಮ್ಮ ಮಾತಿನಲ್ಲಿ ಅದು ಎಲ್ಲೂ ತೊಡರಲಿಲ್ಲ. ಕುರಿಮಂದೆ ಬಾಗಿಲು ದಾಟಿದ ಹಾಗೆ ಒಂದರ ಹಿಂದೊಂದು ಮಾತು ದಾಟಿಕೊಂಡು ಬಂತು. ಪತ್ರಿಕೆಯಲ್ಲಿ ಓದಿದ್ದನ್ನೂ ಹೇಳಿದಳು, ಹದಿನೇಳು ವರ್ಷ ಬಾಯಿ ಮುಚ್ಚಿಕೊಂಡದ್ದನ್ನೂ ಹೇಳಿದಳು.

ಅಜ್ಜಿಯ ಕೈ ನಿಂತಿತ್ತು. ಅವಳ ಅಕ್ಕ ತೀರಿಹೋಗಿ ಒಂಬತ್ತು ವರ್ಷ. ಹೋದವರ ಹೆಸರನ್ನು ಇಲ್ಲಿ ಯಾರೂ ಎತ್ತುವುದಿಲ್ಲ. ಅವರ ಬಟ್ಟೆಯನ್ನೂ ಮನೆಯಲ್ಲಿಟ್ಟುಕೊಳ್ಳುವುದಿಲ್ಲ. ‘ಹಾಗಾದ್ರೆ ಅವಳದ್ದು ಇನ್ನೂ ಅಲ್ಲಿದೆಯಾ?’ ಎಂದು ಕೇಳಿದಳು. ‘ಐಸಲ್ಲಿ?’

‘ಗೊತ್ತಿಲ್ಲ.’

‘ಕೇಳಲಿಲ್ವಾ?’

‘ಇಲ್ಲ.’

‘ಯಾಕೆ?’

‘ಇದೆ ಅಂತ ಬರೆದುಬಿಟ್ರೆ ಏನು ಮಾಡ್ಲಿ ಅಂತ.’

ಮುದುಕಿ ಉಣ್ಣೆಯನ್ನು ಬುಟ್ಟಿಗೆ ಹಾಕಿದಳು. ಬೈಯಲಿಲ್ಲ. ಬೈದಿದ್ದರೆ ಮುಗಿಯುತ್ತಿತ್ತು. ಪೊಟ್ಟಣದಿಂದ ಮೊಮ್ಮಗಳ ಹೆಸರಿನದನ್ನು ಹುಡುಗಿಯ ಕೈಯಿಂದಲೇ ಆರಿಸಿ ತೆಗೆಸಿ ತನ್ನ ಮಡಿಲಲ್ಲಿಟ್ಟುಕೊಂಡಳು. ಉಳಿದ ಏಳನ್ನು ವರ್ಲಿಂಡಾಳ ಕಡೆ ತಳ್ಳಿದಳು. ‘ಇವನ್ನ ಆಯಾ ಮನೆಗೆ ನೀನೇ ತಗೊಂಡು ಹೋಗು. ತಾಯಂದಿರ ಕೈಗೆ ಕೊಡು. ಏನಾಯ್ತು ಅಂತ ಹೇಳಿ ಕೊಡು, ಇವತ್ತಿಂದೂ, ಅವತ್ತಿಂದೂ. ಆಮೇಲೆ ಆ ಐಸಿನೋರಿಗೆ ಬರಿ. ಏನು ಉತ್ತರ ಬಂದ್ರೂ ಸರಿ, ಇಲ್ಲಿಗೆ ಬಂದು ಓದಿ ಹೇಳು. ಎಲ್ಲಾ ಹಾಳೇನೂ.’

‘ಡೆಸ್ಬಾ ಸೋಮವಾರ...’

‘ಬರ್ತಾಳೆ. ನಿನ್ನ ಮೇಲೆ ನಂಬಿಕೆ ಬಂತು ಅಂತ ಅಂದ್ಕೋಬೇಡ. ಇವಳೇ ಓದೋದು ಕಲಿತ್ರೆ, ಮಧ್ಯ ನಿಂತು ಹೇಳೋರು ನಮಗೆ ಬೇಕಾಗಲ್ಲ. ಅದಕ್ಕೆ ಬರ್ತಾಳೆ.’

ಶನಿವಾರ ಇಡೀ ದಿನ ಅವಳು ಗಾಡಿ ಓಡಿಸಿದಳು. ಫೋನ್ ಸಿಗುವ ದಿಬ್ಬ ಹತ್ತಿ ಹ್ಯಾಲ್ವರ್ಸನ್‌ಗೆ ಕರೆ ಮಾಡಿ, ‘ಸಿಕ್ಕಿವೆ, ಮಕ್ಕಳ ಮನೆಗೇ ಹೋಗ್ತಿವೆ’ ಎಂದಾಗ ಅವನು, ‘ಸರಿ, ಯಾರದೋ ಅವರಿಗೇ ಹಿಂದಿರುಗಿಸಲಾಗಿದೆ ಅಂತ ಬರೀತೀನಿ’ ಎಂದ. ಮತ್ತೆ, ‘ಥ್ಯಾಂಕ್ಸ್’ ಎಂದ, ಎರಡು ಸಲ. ಒಳ್ಳೆಯವನೇ ಇರಬಹುದು. ಇದ್ದರೂ ಇರಬಹುದು ಎಂದುಕೊಂಡು ಫೋನ್ ಇಟ್ಟಳು. ಒಂದು ಮನೆಯಲ್ಲಿ ಕಾಫಿ ಕೊಟ್ಟರು. ಇನ್ನೊಂದು ಮನೆಯಲ್ಲಿ ಗಂಡಸು ಕೇಳಿಸಿಕೊಂಡು, ಪೊಟ್ಟಣ ಇಸಿದುಕೊಂಡು ಬಾಗಿಲು ಹಾಕಿದ. ಒಂದು ಮನೆಯ ಮುದುಕ ತಾನೂ ಆ ಅರವತ್ತಮೂರರಲ್ಲಿ ಒಬ್ಬನೆಂದು ಹೇಳಿ, ಅಂಗಿಯ ತೋಳು ಮಡಿಚಿ, ಸೂಜಿ ಚುಚ್ಚಿದ ಜಾಗವನ್ನು ತೋರಿಸಿದ. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೂ ಇಬ್ಬರೂ ಅದನ್ನೇ ನೋಡುತ್ತ ನಿಂತರು. ಲಾರೀನಳ ತಾಯಿ ಒಲೆಯ ಮುಂದಿನಿಂದ ಏಳದೆ ಪೂರ್ತಿ ಕೇಳಿ, ‘ನಿಜ ಹೇಳಿದ್ದಕ್ಕೆ ನಿನ್ನ ಮೇಲೆ ಕೋಪ ಇಲ್ಲ ಕಣೇ. ಆದ್ರೆ ನನ್ನ ಮಗಳು ಬರಲ್ಲ’ ಎಂದಳು. ಲಾರೀನ್ ಒಳಗಿನ ಕೋಣೆಯಿಂದ ‘ಅಮ್ಮಾ!’ ಎಂದು ಕೂಗಿದ್ದು ಗಾಡಿಯವರೆಗೂ ಕೇಳಿಸಿತು. ಭಾನುವಾರ ಮೇಜಿನ ಮುಂದೆ ಕೂತು ಆ ವಿಶ್ವವಿದ್ಯಾಲಯಕ್ಕೆ ಕಾಗದ ಬರೆದಳು. ನಾಲ್ಕು ಸಲ ಹರಿದು ಐದನೆಯ ಸಲ ಬರೆದದ್ದು ಅರ್ಧ ಪುಟಕ್ಕೆ ಬಂತು. ಯಾರ ರಕ್ತ ಎಲ್ಲಿದೆ, ಎಷ್ಟಿದೆ, ಯಾರು ಯಾರು ತೆಗೆದು ನೋಡಿದ್ದಾರೆ. ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು. ಉತ್ತರ ಬರುವುದೋ ಇಲ್ಲವೋ ಹೇಳುವ ಹಾಗಿರಲಿಲ್ಲ.

ಸೋಮವಾರ ಏಳು ಮಕ್ಕಳಾಗಬಹುದು, ಮೂರೇ ಆಗಬಹುದು ಎಂದುಕೊಂಡು ಬೇಗ ಬಂದು ಬಾಗಿಲು ತೆಗೆದಳು. ಆರು ಮಕ್ಕಳು ಬಂದರು. ಡೆಸ್ಬಾಳನ್ನು ಅವತ್ತು ಅವಳ ಮಾವ ತಂದು ಬಿಟ್ಟ. ಹುಡುಗಿ ಬೆಂಚಿಗೆ ಹೋಗದೆ ನೇರ ವರ್ಲಿಂಡಾಳ ಮೇಜಿನ ಹತ್ತಿರ ಬಂದು ಕೆಲವು ಹಾಳೆಗಳನ್ನು ಇಟ್ಟಳು. ಮೇ ತಿಂಗಳಲ್ಲಿ ಮನೆಯವರು ಸಹಿ ಹಾಕಿದ್ದ ಈ ಶಿಬಿರದ ಒಪ್ಪಿಗೆ ಪತ್ರದ ಪ್ರತಿ. ಉದ್ದಕ್ಕೂ ಕೆಂಪು ಪೆನ್ನಿನ ಗೆರೆಗಳಿದ್ದವು.

‘ಗೆರೆ ಹಾಕಿರೋದು ನನಗೆ ಅರ್ಥ ಆಗದೆ ಇರೋದು ಮಿಸ್. ನೀವು ಹೇಳಿ, ಬರ್ಕೋತೀನಿ. ಆಮೇಲೆ ಕ್ಲಿನಿಕ್ಕಿನ ನರ್ಸ್ ಹತ್ರಾನೂ ಕೇಳ್ತೀನಿ. ಎರಡೂ ಒಂದೇ ಇದೆಯಾ ಅಂತ ನೋಡೋಕೆ.’

ಆ ಮಾತು ಮುಳ್ಳಿನ ಹಾಗೆ ಒಳಗಿಳಿಯಿತು. ಇಳಿದ ಜಾಗದಲ್ಲಿ ನೋವಿನ ಜೊತೆ ಇನ್ನೇನೋ ಇತ್ತು. ಇಷ್ಟು ವರ್ಷ ಪ್ರಯೋಗಶಾಲೆಯಲ್ಲಿ ಕಳೆದವಳಿಗೆ ಅದರ ಹೆಸರು ಗೊತ್ತಿತ್ತು. ಒಂದೇ ಮಾದರಿಯನ್ನು ಇಬ್ಬರ ಕೈಯಲ್ಲಿ ನೋಡಿಸದೆ ಫಲಿತಾಂಶ ಬರೆಯಬಾರದು. ಇದನ್ನು ಅವಳು ಈ ಮಕ್ಕಳಿಗೆ ಇನ್ನೂ ಕಲಿಸಿರಲಿಲ್ಲ.

‘ನರ್ಸ್ ಒಬ್ಬರನ್ನೇ ಅಲ್ಲ, ಇನ್ನೂ ಒಬ್ಬರನ್ನ ಕೇಳು’ ಎಂದಳು. ‘ಮೊದಲನೇದು ಯಾವುದು, ಓದು.’

ಡೆಸ್ಬಾ ಪೆನ್ನಿನ ಮುಚ್ಚಳ ತೆಗೆದಳು. ಹ್ಯಾಲ್ವರ್ಸನ್ ಒಳಗೆ ಬಂದು ಗೋಡೆಯ ಗಡಿಯಾರ ನೋಡಿ, ‘ಒಂಬತ್ತಾಯ್ತು, ಶುರು ಮಾಡೋಣವಾ?’ ಎಂದು ಕೇಳಿದ.

‘ತಡ ಆಗುತ್ತೆ’ ಎಂದಳು ವರ್ಲಿಂಡಾ, ಹಾಳೆಯಿಂದ ತಲೆಯೆತ್ತದೆ. ‘ಹತ್ತೊಂಬತ್ತು ಗೆರೆ ಇವೆ.’